ಕೇಳುವವರು

ಆಡಳಿತ ಸಮಿತಿಯ ಸಭೆಯಲ್ಲಿ ತಮ್ಮ ಸಂಬಳದ ವಿಷಯ ಬಂದ ಕೂಡಲೇ ಕಂಪನಿಯ ಮುಖ್ಯಸ್ಥರು ಎದ್ದು, ಬಾಗಿಲು ಎಳೆದುಕೊಂಡು ಹೊರಗೆ ಬಂದರು. ಸಂಬಳ ತೀರ್ಮಾನಿಸುವಾಗ ಪಡೆಯುವವರು ಒಳಗಿರಬಾರದು ಎಂಬುದು ನಿಯಮ. ನೀನು ಹೊಡೆದ ಹಾಗೆ ಮಾಡು, ನಾನು ಅತ್ತ ಹಾಗೆ ಮಾಡುತ್ತೇನೆ ಎಂಬಂಥ ನಿಯಮ.

ಬೆಂಚಿನಲ್ಲಿದ್ದ ಮುದಿ ಜವಾನ ಎದ್ದು ನಿಂತ. ಮುಖ್ಯಸ್ಥರು ಅವನನ್ನು ಕೂರಿಸಿ, ತಾವೂ ಪಕ್ಕದಲ್ಲೇ ಕೂತರು.

"ಹೋದ ವರ್ಷ ಇದಕ್ಕೆ ಎಷ್ಟು ಹೊತ್ತು ಹಿಡಿದಿತ್ತು?"

"ಆರು ನಿಮಿಷ ಸಾರ್. ನಾನು ಜಗ್ಗಿಗೆ ನೀರು ತುಂಬ್ಕೊಂಡು ಬರೋಷ್ಟರಲ್ಲಿ ಎಲ್ರೂ ಕೈಕುಲುಕ್ತಾ ಇದ್ರು."

"ಈ ಸಲ ಅಷ್ಟು ಬೇಗ ಮುಗಿಯಲ್ಲ ಬಿಡು."

ಮುಗಿಯಬಾರದು ಎಂದೇ ಅವರ ಆಸೆ. ಗೋದಾಮಿನ ಕ್ರೇನಿನ ಉಕ್ಕಿನ ಹಗ್ಗ ಸವೆದಿದೆ ಎಂದು ಮೇಸ್ತ್ರಿ ಎರಡು ಸಲ ಬರೆದಿದ್ದ. ಎರಡು ಸಲವೂ 'ಮುಂದಿನ ವರ್ಷ ನೋಡೋಣ' ಎಂದು ಸಹಿ ಹಾಕಿದವರು ಇವರೇ. ಹಗ್ಗ ವರ್ಷ ಕಾಯದೆ ತುಂಡಾಯಿತು. ಕೆಳಗೆ ನಿಂತಿದ್ದ ಮೇಸ್ತ್ರಿ ಉಳಿಯಲಿಲ್ಲ. ಅಂದಿನಿಂದ ಎಲ್ಲರೂ ಇವರನ್ನು ಹೂವಿನಂತೆ ನೋಡಿಕೊಂಡರೇ ಹೊರತು, ಯಾಕೆ ಹೀಗೆ ಮಾಡಿದಿರಿ ಎಂದು ಒಬ್ಬರೂ ಕೇಳಲಿಲ್ಲ. ಚಿಕ್ಕಂದಿನಲ್ಲಿ ಅಮ್ಮ ಕಿವಿ ಹಿಂಡಿ ಬಾಯಿ ಬಿಡಿಸುತ್ತಿದ್ದಳು. ತಪ್ಪು ಒಪ್ಪಿಕೊಂಡು ಅತ್ತು ಮುಗಿದ ಮೇಲೆ ಎಂಥಾ ನಿದ್ದೆ ಬರುತ್ತಿತ್ತು! ಆ ಕೈಗಾಗಿ ಈ ವಯಸ್ಸಿನಲ್ಲಿ ಅವರ ಕಿವಿ ಹಾತೊರೆಯುತ್ತಿತ್ತು.

ಗಾಜಿನ ಬಾಗಿಲಾಚೆ ಒಬ್ಬರು ಕೈ ಎತ್ತಿದರು. ಮುಖ್ಯಸ್ಥರು ಬೆಂಚಿನ ತುದಿಗೆ ಸರಿದರು. ಕೊನೆಗೂ ಒಬ್ಬರು! ಆದರೆ ಅವರು ಕಿಟಕಿಯ ಪರದೆ ಎಳೆಯಲು ಹೇಳಿದ್ದು. ಕಣ್ಣಿಗೆ ಬಿಸಿಲು ಬೀಳುತ್ತಿತ್ತು, ಪಾಪ.

ಬಾಗಿಲು ತೆರೆಯಿತು. ಸಮಿತಿಯ ಅಧ್ಯಕ್ಷರು ಮುಖ ಅರಳಿಸಿಕೊಂಡು ಬಂದರು.

"ಅಭಿನಂದನೆ! ಎಲ್ಲರದ್ದೂ ಒಂದೇ ಮಾತು. ಜಾಸ್ತೀನೇ ಮಾಡಿದೀವಿ."

"ಹಗ್ಗದ ವಿಷಯ ಯಾರೂ ಕೇಳ್ಲಿಲ್ವಾ?"

"ಛೆ ಛೆ, ಅದ್ಯಾಕೀಗ? ನಿಮ್ಮನ್ನ ನಾವೇನು ಇವತ್ತು ನೋಡ್ತಿದೀವಾ? ಬನ್ನಿ ಒಳಗೆ," ಎಂದು ಅವರು ಬೆನ್ನು ತಟ್ಟಿ ಹೋದರು.

ಮುಖ್ಯಸ್ಥರು ಏಳಲಿಲ್ಲ. ಜವಾನನ ಕೈ ಹಿಡಿದುಕೊಂಡರು.

"ನೀನಾದ್ರೂ ಕೇಳಪ್ಪ. ಆ ಹಗ್ಗ ಯಾಕೆ ಬದಲಾಯಿಸ್ಲಿಲ್ಲ ಅಂತ ಒಂದೇ ಒಂದು ಸಲ ಕೇಳು."

ಜವಾನ ದಿಗಿಲುಬಿದ್ದು ಎದ್ದ. ಕೈ ಬಿಡಿಸಿಕೊಂಡು ಜೋಡಿಸಿದ.

"ನನ್ನಿಂದ ಏನು ತಪ್ಪಾಯ್ತು ಸಾರ್?"