ನೀಲಿ ಹೋಗುವವರೆಗೆ

ತೈಸ್ತೊ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೆಂಡವನ್ನು ಒಮ್ಮೆ ಕೆದಕಿ ನೋಡಿದ. ಎಲ್ಲ ಕೆಂಪಗಿತ್ತು. ಎದ್ದು ಹೊಗೆಗೂಡಿನ ಮುಚ್ಚಳದ ಹಿಡಿಗೆ ಕೈ ಹಾಕಿದ. ಈಗ ಮುಚ್ಚಿದರೆ ಇಟ್ಟಿಗೆ ಒಲೆ ಬೆಳಗಿನವರೆಗೂ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ತಡ ಮಾಡಿದಷ್ಟೂ ಶಾಖವೆಲ್ಲ ಆಕಾಶದ ಪಾಲು.

"ಇನ್ನೂ ನೀಲಿ ಇದೆ" ಎಂದಳು ಬೆನ್ನ ಹಿಂದಿನಿಂದ ಸೈಮಿ.

ಹನ್ನೊಂದು ವರ್ಷದ ಸೈಮಿ ಅವನ ಹೆಂಡತಿ ಟೂಲಿಯಾಳ ಮಗಳು. ಬೇಸಿಗೆಯಲ್ಲಿ ಮದುವೆಯಾಗಿ ತಾಯಿ ಮಗಳು ಈ ಮನೆಗೆ ಬಂದಿದ್ದರು. ಒಲೆ ಹಚ್ಚುವಷ್ಟು ಚಳಿ ಬಿದ್ದದ್ದು ಈ ವಾರ. ಒಲೆಯ ಹಿಂಬದಿಯ ಬೆಚ್ಚನೆಯ ಕೋಣೆಗೆ ತೈಸ್ತೊ ಚಳಿಗಾಲಕ್ಕೆ ಅವಳಿಗೆಂದೇ ಬಣ್ಣ ಬಳಿದು, ತನ್ನ ಕೈಯಾರೆ ಮಂಚ ಮಾಡಿ ಹಾಕಿದ್ದ. ಅವಳು ಅದರ ಮೇಲೆ ಕೂತು ಕೂಡ ನೋಡಿರಲಿಲ್ಲ. ಒಲೆ ಹಚ್ಚಿದಾಗಿನಿಂದ, ಮೂರು ದಿನವೂ, ತಾಯಿಯ ಮಂಚದ ಪಕ್ಕ ನೆಲದಲ್ಲೇ ಹಾಸಿಗೆ. ಕಾರಣವನ್ನು ತಾಯಿಗೆ ಮಾತ್ರ ಹೇಳಿದ್ದಳು. ಶಾಲೆಗೆ ಬಂದಿದ್ದ ಅಗ್ನಿಶಾಮಕದವರು ತಿಳಿಸಿದ್ದರಂತೆ: ಮುಚ್ಚಳ ಬೇಗ ಮುಚ್ಚಿದರೆ ಕೆಂಡದಿಂದ ವಿಷಗಾಳಿ ಹೊರಡುತ್ತದೆ, ಅದಕ್ಕೆ ವಾಸನೆಯಿಲ್ಲ, ಸ್ವಲ್ಪವಾದರೆ ತಲೆನೋವು, ಹೆಚ್ಚಾದರೆ ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಮಾರನೆಯ ದಿನವೇ ಟೂಲಿಯಾ ಪೇಟೆಯಿಂದ ಎರಡು ಅಲಾರಂ ತಂದಳು. ಹೊಗೆಯದು ಒಂದು, ವಿಷಗಾಳಿಯದು ಒಂದು. ಹೊಗೆಯದನ್ನು ತೈಸ್ತೊ ತಕರಾರಿಲ್ಲದೆ ಹಳೆಯದರ ಜಾಗದಲ್ಲಿ, ಸೂರಿನ ನಡುಮಧ್ಯಕ್ಕೆ ಹಾಕಿದ. ಇನ್ನೊಂದರ ಡಬ್ಬಿಯನ್ನು ಒಡೆಯಲೇ ಇಲ್ಲ. ಅವನ ಅಪ್ಪ, ಅಪ್ಪನ ಅಪ್ಪ, ಎಲ್ಲರೂ ಇದೇ ಒಲೆಯನ್ನು ಕಣ್ಣಲ್ಲೇ ನೋಡಿ ಮುಚ್ಚಿದವರು. ಕೆಂಡದ ಮೇಲೆ ನೀಲಿ ಉರಿ ಆಡುವಷ್ಟು ಹೊತ್ತು ಮುಟ್ಟಬಾರದು, ಅದಿಷ್ಟೇ ವಿದ್ಯೆ; ಇದಕ್ಕೊಂದು ಯಂತ್ರ ಬೇಕೇ ಎಂದು ಕೇಳಿದ್ದ.

"ಎಲ್ಲಿದೆ ನೀಲಿ?" ಎಂದ ಈಗ.

"ಅಲ್ಲಿ, ಎಡಗಡೆ ಮೂಲೇಲಿ. ನಡುವೇನೂ ಇದೆ."

ಮತ್ತೆ ಬಗ್ಗಿದ. ಕೆಂಪು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಂಡ. ಆಗಲೂ ಕೆಂಪೇ. ಹೆದರಿಕೆಗೆ ಹಾಗೆಲ್ಲ ಕಾಣುತ್ತದೆ ಎಂದ. ಸೈಮಿ ತುಟಿ ಬಿಗಿದುಕೊಂಡು ನಿಂತಳೇ ಹೊರತು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ತೈಸ್ತೊ ನ್ಯಾಯ ಹೇಳಲು ಹೆಂಡತಿಯನ್ನು ಕರೆದ. ಟೂಲಿಯಾ ರೊಟ್ಟಿಗೆ ರೈ ಧಾನ್ಯದ ಹಿಟ್ಟು ನಾದುತ್ತಿದ್ದ ಕೈಯಲ್ಲೇ ಬಂದು ಬಗ್ಗಿ ನೋಡಿದಳು.

"ಕುಣೀತಾ ಇದೆಯಲ್ಲ, ಬೆರಳುದ್ದ" ಎಂದು ನಗಲು ಹೊರಟವಳು ಅವನ ಮುಖ ನೋಡಿ ನಿಂತಳು. "ನಿಂಗೆ ನಿಜವಾಗ್ಲೂ ಕಾಣ್ತಿಲ್ವಾ?"

ಕಣ್ಣಿನ ವೈದ್ಯರು ಅವನಿಗೆ ವಸಂತದಲ್ಲೇ ಹೇಳಿದ್ದರು, ಎರಡೂ ಕಣ್ಣಿಗೆ ಪೊರೆ ಬರುತ್ತಿದೆ ಎಂದು. ಪೊರೆ ಬಂದರೆ ಅಕ್ಷರ ಮಸುಕಾಗುತ್ತದೆ ಎಂದುಕೊಂಡಿದ್ದ. ಒಂದು ಬಣ್ಣವೇ ಹೇಳದೆ ಕೇಳದೆ ಹೊರಟು ಹೋದೀತೆಂದು ಯಾರಿಗೆ ಗೊತ್ತಿತ್ತು? ಕಳೆದ ಚಳಿಗಾಲ ಈ ಮನೆಯಲ್ಲಿ ಒಬ್ಬನೇ ಇದ್ದಾಗ ಬೆಳಗಾದರೆ ತಲೆ ಸಿಡಿಯುತ್ತಿತ್ತು. ಕಾಫಿ ಸಾಲುತ್ತಿಲ್ಲ ಎಂದು ಇನ್ನೆರಡು ಲೋಟ ಹೆಚ್ಚಿಗೆ ಕುಡಿಯುತ್ತಿದ್ದ. ಮತ್ತೆ ಹಿಡಿಯತ್ತ ಹೋಗಿದ್ದ ಕೈಯನ್ನು ಮೆಲ್ಲಗೆ ಇಳಿಸಿದ.

ಆಮೇಲೆ ತಾನೇ ಡಬ್ಬಿ ಒಡೆದ. ಕುರ್ಚಿ ಎಳೆದು, ಹೊಗೆಯ ಅಲಾರಮಿನ ಪಕ್ಕಕ್ಕೇ ಇದನ್ನೂ ಸೂರಿಗೆ ಬಿಗಿಯಲು ಹತ್ತಿದ. ಸೈಮಿ ಡಬ್ಬಿಯೊಳಗಿನ ಕಾಗದವನ್ನು ಓದಿಯಾಗಿತ್ತು. ಇದು ಹೊಗೆಯ ಹಾಗೆ ನೇರ ಮೇಲಕ್ಕೆ ಏರುವುದಲ್ಲ, ಕೋಣೆಯ ಗಾಳಿಯಲ್ಲೇ ಬೆರೆತುಬಿಡುತ್ತದೆ, ಮಲಗುವ ಕೋಣೆಯಾದರೆ ದಿಂಬಿನ ಬಳಿ, ಮಲಗಿದವರ ಮೂಗಿನ ಎತ್ತರಕ್ಕೆ ಹಾಕಬೇಕು ಎಂದು ಒಂದೇ ಉಸಿರಿಗೆ ಹೇಳಿದಳು. ಆ ಮನೆಯಲ್ಲಿ ಅವಳು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

ತೈಸ್ತೊ ಹಿಂಬದಿಯ ಕೋಣೆಗೆ ಹೋಗಿ ಅಳತೆಗೆಂದು ಮಂಚದ ಮೇಲೆ ತಾನೇ ಉದ್ದಕ್ಕೆ ಮಲಗಿದ. ಮೊಣಕಾಲಿನಿಂದ ಕೆಳಗೆ ಕಾಲುಗಳೆರಡೂ ಹೊರಗೆ. ತೊಟ್ಟಿಲಲ್ಲಿ ಕಡವೆ ಮಲಗಿಸಿದ ಹಾಗಿದೆ ಎಂದಳು ಬಾಗಿಲಲ್ಲಿ ನಿಂತ ಟೂಲಿಯಾ. ಸೈಮಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಏಳಿ. ಮೂಗು ನಂದು ತಾನೇ?" ಎಂದಳು.

ಮಲಗಿದಳು. ಅಲ್ಲಾಡಬಾರದೆಂದು ಕೈಗಳನ್ನು ಎರಡೂ ಪಕ್ಕಕ್ಕೆ ಒತ್ತಿಕೊಂಡಿದ್ದಳು. ಅವನು ಮೊಣಕಾಲೂರಿ, ಅವಳ ಮೂಗಿನ ನೇರಕ್ಕೆ ಗೋಡೆಯಲ್ಲಿ ಪೆನ್ಸಿಲಿನಿಂದ ಗೀಟು ಎಳೆದ. ಬೆರಳಿಗೆ ಅವಳ ಬಿಸಿಯುಸಿರು ತಾಗಿತು. ತಿರುಪುಮೊಳೆ ಬಿಗಿದು, ಗುಂಡಿ ಒತ್ತಿ ಪರೀಕ್ಷೆ ಮಾಡಿದಾಗ ಅದು ಕಿರುಚಿದ ಪರಿಗೆ ಮೂವರೂ ಕಿವಿ ಮುಚ್ಚಿಕೊಂಡರು. ಟೂಲಿಯಾ ಮಗಳ ದಿಂಬು ತರಲೆಂದು ತನ್ನ ಕೋಣೆಗೆ ಹೋಗಿ ಬರಿಗೈಯಲ್ಲಿ ಬಂದಳು. ಸೈಮಿ ಅದನ್ನು ಆಗಲೇ ಹೊಸ ಮಂಚಕ್ಕೆ ಒಯ್ದಾಗಿತ್ತು.

ತೈಸ್ತೊ ಮತ್ತೆ ಒಲೆಯ ಮುಂದೆ ನಿಂತ. ಕೆಂಡ ಅರ್ಧ ಕುಸಿದಿತ್ತು. ಮುಚ್ಚಿದರೆ ಈಗಲೇ ಮುಚ್ಚಬೇಕು, ಇಲ್ಲವಾದರೆ ಒಲೆ ಹಚ್ಚಿದ್ದೇ ದಂಡ ಎಂದು ಐವತ್ತು ವರ್ಷದ ಅಭ್ಯಾಸ ಹೇಳುತ್ತಿತ್ತು.

"ಸೈಮಿ, ಹೋಯ್ತಾ?"

ಅವಳು ಬಂದು ಒಲೆಬಾಯಿಯ ಎದುರು ನೆಲಕ್ಕೆ ಕೂತು, ಗದ್ದವನ್ನು ಮೊಣಕಾಲಿಗೆ ಆನಿಸಿ ಬಹಳ ಹೊತ್ತು ನೋಡಿದಳು.

"ಇಲ್ಲ. ಇನ್ನೂ ಚೂರು ಇದೆ."

ಅವನು ಅವಳ ಪಕ್ಕದಲ್ಲಿ ಕೂತು, ತನಗೆ ಕಾಣದ ನೀಲಿ ಆರಲೆಂದು ಕಾಯತೊಡಗಿದ.