ನಲವತ್ತೊಂದು ಕಲ್ಲುಗಳು

"ಇದನ್ನ ಇನ್ನೂ ಹೊತ್ಕೊಂಡು ತಿರುಗ್ತಿದ್ದೀರೇನ್ರೀ?" ಎಂದರು ಎಂಜಿನಿಯರ್ ಚಲಪತಿ, ಸರ್ವೇಯರ್ ವಾದಿರಾಜ ಮೇಜಿನ ಮೇಲಿಟ್ಟ ಜಿಪಿಎಸ್ ಯಂತ್ರವನ್ನು ಪೆನ್ನಿನ ತುದಿಯಿಂದ ಆಚೆಗೆ ತಳ್ಳುತ್ತ. "ಏಳು ವರ್ಷ ದುಡಿದಿದೆ, ಪಿಂಚಣಿ ಕೊಡಿ ಅದಕ್ಕೆ. ಗುಜರಿಗೆ ಹಾಕೋ ಫಾರಂ ತುಂಬಿ. ಹೊಸದರಲ್ಲಿ ಕ್ಯಾಮೆರಾನೂ ಇದ್ಯಂತೆ. ಹಳೇದನ್ನ ಕಂಪನಿಯವನೇ ತಗೊಂಡು ಹೋಗ್ತಾನೆ."

"ಕೆಟ್ಟಿರೋದು ಬ್ಯಾಟರಿ ಕೂರೋ ತಗಡು ಮಾತ್ರ ಸಾರ್. ಆಯುಧಪೂಜೇಲಿ ಇದಕ್ಕೂ ಕುಂಕುಮ ಬಳಿದು ನಿಂಬೆಹಣ್ಣು ಹಿಂಡಿದ್ರಲ್ಲ, ಆ ಹುಳಿ ಒಳಗಿಳಿದಿದೆ. ರೇಡಿಯೋ ಅಂಗಡಿಯವನು ಅರ್ಧ ಗಂಟೇಲಿ ಉಜ್ಜಿ ಕೊಡ್ತಾನೆ."

"ಪೂಜೆ ಮೇಲೆ ತಪ್ಪು ಹಾಕ್ಬೇಡಿ. ಸರ್ಕಾರದ ಸಾಮಾನನ್ನ ರೇಡಿಯೋ ಅಂಗಡೀಲಿ ಬಿಚ್ಚಿಸೋಕೆ ರೂಲ್ಸ್ ಇಲ್ಲ."

ವಾದಿರಾಜ ಯಂತ್ರವನ್ನು ಮತ್ತೆ ತನ್ನತ್ತ ಎಳೆದುಕೊಂಡ. ಕೈವಾರದ ದಾರಿಯ ಕೆರೆಯಂಗಳದಲ್ಲಿ ಗಡಿಕಲ್ಲುಗಳನ್ನು ಯಾರೋ ಕಿತ್ತೆಸೆದು, ನಿವೇಶನಗಳಿಗೆಂದು ಆಗಲೇ ಸುಣ್ಣದ ಗೆರೆ ಎಳೆದಿದ್ದರು. ಆ ಕೆರೆಯ ತೂಬು ಕಾಯುತ್ತಿದ್ದ ಮುದುಕ, ನೀರುಗಂಟಿ ಪಿಳ್ಳಪ್ಪ, ಎರಡು ದಿನ ಕೋಲೂರಿ ನಡೆದು, ಇಲ್ಲದ ಕಲ್ಲುಗಳನ್ನು ಒಂದೊಂದಾಗಿ ತೋರಿಸಿದ್ದ. "ಇಕ್ಕಡೇ ಸಾಮೀ. ಈ ಕಲ್ಲಿನ ಮೇಲೆ ಕುಂತ್ಕಂಡೇ ನಮ್ಮಪ್ಪ ಬೀಡಿ ಸೇದ್ತಿದ್ದಿದ್ದು," ಎಂದು ಅವನು ಬರಿನೆಲವನ್ನು ತಟ್ಟಿದಲ್ಲೆಲ್ಲ ವಾದಿರಾಜ ಯಂತ್ರದ ಗುಂಡಿ ಒತ್ತಿದ್ದ. ನಲವತ್ತೊಂದು ಬಿಂದುಗಳು. ಅವನ್ನು ಪುಸ್ತಕಕ್ಕಾಗಲಿ ಕಂಪ್ಯೂಟರಿಗಾಗಲಿ ಇಳಿಸುವ ಮೊದಲೇ ಹಬ್ಬ ಬಂದು, ಯಂತ್ರ ಕೆಟ್ಟಿತ್ತು.

"ಸಾರ್, ಆ ಕೆರೆಯ ಅಳತೆಯೆಲ್ಲ ಇದರ ಹೊಟ್ಟೇಲಿದೆ."

"ಅದಕ್ಕೇನಂತೆ? ಹೊಸದು ಬಂದ್ಮೇಲೆ ಇನ್ನೊಂದ್ಸಲ ಅಳೆದ್ರಾಯ್ತು."

"ಯಾರನ್ನ ಕರ್ಕೊಂಡು ಹೋಗಿ ಅಳೀಲಿ? ಪಿಳ್ಳಪ್ಪ ತೀರ್ಕೊಂಡು ಹದಿನೈದು ದಿನ ಆಯ್ತು."

ಚಲಪತಿ ಕನ್ನಡಕ ತೆಗೆದು, ನಿಧಾನವಾಗಿ ಒರೆಸಿದರು. "ಲೇಔಟ್ ಮಾಡ್ತಿರೋರು ಇದ್ದಾರಲ್ಲಪ್ಪ. ಅವರೇ ತೋರಿಸ್ತಾರೆ, ಬಿಡಿ."

ವಾದಿರಾಜ ಫಾರಂ ಎಳೆದುಕೊಂಡು, ಯಂತ್ರದ ಸಂಖ್ಯೆಯನ್ನೂ ಖರೀದಿಯ ವರ್ಷವನ್ನೂ ಕಾಗದ ಹರಿಯುವಷ್ಟು ಒತ್ತಿ ಬರೆದ. ‘ವಿಲೇವಾರಿಗೆ ಕಾರಣ’ ಎಂಬಲ್ಲಿ ಅವನ ಪೆನ್ನು ಒಂದು ಗಳಿಗೆ ನಿಂತಿತು. ಬಳಿಕ, ಓದುವವರಿಗೆ ಎಳ್ಳಷ್ಟೂ ಸಂಶಯ ಉಳಿಯದಂತೆ, ದುಂಡಗಿನ ಅಕ್ಷರಗಳಲ್ಲಿ ತುಂಬಿದ: ‘ಕೆರೆ ಎಲ್ಲಿಯವರೆಗೆ ಇತ್ತೆಂಬುದು ಇದಕ್ಕೆ ಗೊತ್ತಿದೆ.’

ಮತ್ತೆ ಹಾಳೆಯನ್ನು ಚಲಪತಿಯವರತ್ತ ತಿರುಗಿಸಿ, ಸಾಹೇಬರು ಸಹಿ ಹಾಕಬೇಕಾದ ಜಾಗದ ಮೇಲೆ ಬೆರಳಿಟ್ಟು ನಿಂತ.