ದೀಪದ ಮೇಲಿನ ಬಿಂದಿ

ಪೆಟ್ಟಿಗೆಯ ಮುಂಬದಿಗೆ ಅಂಟಿಸಿದ್ದ ಬಿಂದಿಯನ್ನು ವಾಗೀಶ ಉಗುರಿನಿಂದ ಕಿತ್ತ. ಅದರಡಿ ಪುಟ್ಟ ಕೆಂಪು ದೀಪವೊಂದು ಉರಿಯುತ್ತಿತ್ತು. ಜಯಲಕ್ಷ್ಮಿಪುರಂನ ಆ ಜನಪದ ಹಾಡುಗಳ ಸಂಗ್ರಹ ಕೇಂದ್ರಕ್ಕೆ, ಧ್ವನಿಮುದ್ರಣಗಳನ್ನೆಲ್ಲ ಎರಡು ಡಿಸ್ಕುಗಳಲ್ಲೂ ಒಂದೇ ಥರ ಉಳಿಸುವ ಈ ಪೆಟ್ಟಿಗೆ ಮಾಡಿಕೊಟ್ಟವನು ಅವನೇ. ಒಂದು ಕೆಟ್ಟರೆ ಕೆಂಪು ದೀಪ ಹತ್ತಿಕೊಂಡು, ಇನ್ನೊಂದು ಸದ್ದಿಲ್ಲದೆ ಕೆಲಸ ಮುಂದುವರಿಸುತ್ತಿತ್ತು. ಈ ಬೆಳಿಗ್ಗೆ ಆ ಇನ್ನೊಂದೂ ನಿಂತುಹೋಗಿತ್ತು.

“ಈ ದೀಪ ಯಾವಾಗಿಂದ ಉರೀತಿದೆ, ಸಿದ್ದಲಿಂಗಮ್ಮ?”

“ದಸರಾಕ್ಕಿಂತ ಮುಂಚಿಂದ ಸಾರ್. ಕಣ್ಣಿಗೆ ಚುಚ್ತಿತ್ತು, ಅಂಟಿಸ್ಬುಟ್ಟೆ.” ಕಚೇರಿ ನೋಡಿಕೊಳ್ಳುವ ಸಿದ್ದಲಿಂಗಮ್ಮ ನಕ್ಕಳು. “ಒಂದು ಕೆಟ್ರೂ ಏನೂ ಆಗಲ್ಲ, ಎದರ್ಕೋಬೇಡಿ ಅಂತ ನೀವೇ ಏಳಿದ್ರಲ್ಲ?”

ಹೇಳಿದ್ದ. ಹೇಳುವಾಗ ಎಷ್ಟು ಹೆಮ್ಮೆಪಟ್ಟಿದ್ದ ಎಂಬುದೂ ನೆನಪಾಯಿತು. ದೀಪ ಹತ್ತಿದ ದಿನವೇ ತನಗೊಂದು ಫೋನ್ ಮಾಡಿ ಎಂದು ಮಾತ್ರ ಹೇಳಿರಲಿಲ್ಲ. ಬೇರೆಡೆ ಇನ್ನೊಂದು ಪ್ರತಿ ಇಡೋಣವೇ ಎಂದು ಯಾರೋ ಕೇಳಿದ್ದಕ್ಕೆ, ಅಗತ್ಯವಿಲ್ಲ ಎಂದಿದ್ದ.

ಬಿಂದಿಯನ್ನು ಬೆರಳ ತುದಿಯಲ್ಲೇ ಇಟ್ಟುಕೊಂಡು, ಎರಡೂ ಹೋಗಿವೆ, ಹಾಡುಗಳು ಮತ್ತೆ ಸಿಗುವುದಿಲ್ಲ ಎಂದ. ಸಿದ್ದಲಿಂಗಮ್ಮನ ನಗು ನಿಂತಿತು. ಅವಳ ತಾಯಿ ಹಾಡಿದ ಸೋಬಾನೆಗಳೂ ಆ ಪೆಟ್ಟಿಗೆಯಲ್ಲಿದ್ದವು. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳ ಮುಖ ನೋಡಲಾರದೆ ಅವನು ತನ್ನ ಫೋನನ್ನು ಮುಂದೆ ಹಿಡಿದ.

“ನಿಮಗೆ ಬರೋವಷ್ಟು ಹಾಡಿ. ಈಗಲೇ ರೆಕಾರ್ಡ್ ಮಾಡ್ಕೋತೀನಿ.”

ಅವಳು ಒಂದು ಸಾಲು ಹಾಡಿದಳು. ಎರಡನೆಯದರ ಅರ್ಧಕ್ಕೆ ನಿಂತಳು. ಫೋನಿನಲ್ಲಿ ಸೆಕೆಂಡುಗಳು ಓಡುತ್ತಲೇ ಇದ್ದವು.

“ಮುಂದಿಂದು ಬರಾಕಿಲ್ಲ ಸಾರ್. ಕಲಿಸ್ತೀನಿ ಬಾ ಅಂತ ಅವ್ವ ಎಷ್ಟು ಸಲ ಕರೆದ್ಲು. ಪೆಟ್ಟಿಗೇಲಿ ಭದ್ರವಾಗೈತಲ್ಲ ಬುಡವ್ವ, ಎಲ್ಲೋಯ್ತದೆ ಅಂದ್ಬುಟ್ಟಿದ್ದೆ.”